ಪರಿಚಯಪತ್ರ ಕಾಣೆಯಾದಾಗ: ‘ಸಿ’ ಭಾಷೆಯ ಹೆಡರ್ ಕಡತಗಳ ವಿಚಾರ

ಗಣಕಯಂತ್ರಕ್ಕೆ ಕೆಲಸ ಹೇಳುವ ವಿದ್ಯೆಯನ್ನು ಕಲಿಯಲು ಹೊರಟ ವಿದ್ಯಾರ್ಥಿಯ ಮೊದಲ ದಿನವನ್ನು ನೆನೆಸಿಕೊಳ್ಳೋಣ. ಪುಸ್ತಕದಲ್ಲಿರುವ ಐದಾರು ಸಾಲುಗಳ ‘ಸಿ’ ಪ್ರೋಗ್ರಾಮನ್ನು ಆತನು ಒಂದೊಂದೇ ಅಕ್ಷರ ನೋಡಿಕೊಂಡು ಬರೆಯುತ್ತಾನೆ. ‘ನಮಸ್ಕಾರ’ ಎಂಬ ಒಂದು ಮಾತನ್ನು ತೆರೆಯ ಮೇಲೆ ಮೂಡಿಸುವುದಷ್ಟೇ ಅದರ ಉದ್ದೇಶ. ಬರೆದುದನ್ನು ಯಂತ್ರಕ್ಕೆ ಒಪ್ಪಿಸಿದೊಡನೆ ನಮಸ್ಕಾರದ ಬದಲು ಬೇರೆಯೇ ಒಂದು ಮಾತು ಬರುತ್ತದೆ: ‘ಮಾರಕ ದೋಷ. ಅಂಥ ಕಡತವಾಗಲಿ ಕೋಶವಾಗಲಿ ಇಲ್ಲ. ಸಂಕಲನ ನಿಂತಿತು.’ ಇಂಗ್ಲಿಷಿನಲ್ಲಿ ಬರುವ ಈ ಸಂದೇಶದ ಮೊದಲ ಪದವೇ ಹೊಸಬನ ಧೈರ್ಯವನ್ನು ಉಡುಗಿಸುವಂಥದು.

ಈ ವಿದ್ಯೆ ತಮಗೆ ಒಲಿಯದೆಂದು ಇಷ್ಟಕ್ಕೇ ಕೈಚೆಲ್ಲಿದವರನ್ನು ನಾವು ಕಂಡಿದ್ದೇವೆ. ಇದು ವಿಷಾದದ ಸಂಗತಿ. ಏಕೆಂದರೆ ಆ ದೋಷವು ಬುದ್ಧಿಗೆ ಸಂಬಂಧಿಸಿದುದೇ ಅಲ್ಲ. ಮನೆಯಲ್ಲಿರುವ ಪುಸ್ತಕವು ಯಾವ ಕಪಾಟಿನಲ್ಲಿದೆಯೆಂದು ತಿಳಿಯದಾದಾಗ ಉಂಟಾಗುವ ತೊಡಕು ಎಂಥದೋ ಇದೂ ಅಂಥದೇ. ಆದರೆ ಇದೇ ಜಾತಿಗೆ ಸೇರಿದ ಇನ್ನೊಂದು ದೋಷವುಂಟು. ಅದು ಯಾವ ಸಂದೇಶವನ್ನೂ ನೀಡದೆ, ತಪ್ಪು ಉತ್ತರವನ್ನು ಸರಿಯಾದುದೆಂಬಂತೆ ಮುಂದಿಟ್ಟು ಸುಮ್ಮನಾಗುವುದು. ನಿಜವಾಗಿ ಅಂಜಬೇಕಾದುದು ಅದಕ್ಕೆ. ಇವೆರಡನ್ನೂ ತಿಳಿಯಬೇಕಾದರೆ ಹೆಡರ್ ಕಡತವೆಂದರೇನೆಂಬುದನ್ನು ಮೊದಲು ಅರಿಯಬೇಕು.

ಒಂದು ಸೂಚನೆ. ಈ ಲೇಖನದಲ್ಲಿ ‘ಸಿ’ ಭಾಷೆಯ ಪದಗಳನ್ನು ಉಚ್ಚಾರಣೆಗೆ ತಕ್ಕಂತೆ ಕನ್ನಡ ಅಕ್ಷರಗಳಲ್ಲಿ ಬರೆದಿದ್ದೇವೆ. ಯಂತ್ರದ ಮುಂದೆ ಕುಳಿತಾಗ ಓದುಗರು ಅವನ್ನು ರೋಮನ್ ಅಕ್ಷರಗಳಲ್ಲಿಯೇ ಬರೆಯಬೇಕು.

ಪರಿಚಯಪತ್ರವೆಂದರೇನು?

ಪರವೂರಿಗೆ ಹೋಗುವವನ ಕೈಯಲ್ಲಿ ಹಿರಿಯರು ಒಂದು ಪರಿಚಯಪತ್ರವನ್ನು ಕೊಟ್ಟು ಕಳುಹಿಸುವುದುಂಟು. ಇಂಥವನು ಇಂಥ ಕೆಲಸ ಬಲ್ಲನು, ಇವನಿಗೆ ಇಷ್ಟನ್ನು ಒದಗಿಸಿದರೆ ಇಂಥ ಫಲವನ್ನು ಕೊಡುವನು ಎಂದು ಅದರಲ್ಲಿ ಬರೆದಿರುತ್ತದೆ. ಪತ್ರವೇ ಆ ಮನುಷ್ಯನಲ್ಲ, ಕೆಲಸವನ್ನು ಮಾಡುವುದೂ ಪತ್ರವಲ್ಲ. ಆದರೆ ಪತ್ರವಿಲ್ಲದೆ ಬಂದವನೊಡನೆ ಹೇಗೆ ವ್ಯವಹರಿಸಬೇಕೆಂದು ಮನೆಯವರಿಗೆ ತಿಳಿಯದು.

‘ಸಿ’ ಭಾಷೆಯಲ್ಲಿ ಕೆಲಸ ಮಾಡುವ ಘಟಕಕ್ಕೆ ಫಂಕ್ಷನ್ ಎಂದು ಹೆಸರು. ತೆರೆಯ ಮೇಲೆ ಅಕ್ಷರ ಮೂಡಿಸುವ ‘ಪ್ರಿಂಟ್‌ಎಫ್’ ಅಂಥದೊಂದು ಫಂಕ್ಷನ್. ಅದನ್ನು ನಾವು ಬರೆಯುವುದಿಲ್ಲ. ಬಲ್ಲವರು ಬರೆದು ಯಂತ್ರದ ಭಾಷೆಗೆ ತಿರುಗಿಸಿ ಒಂದು ಭಂಡಾರದಲ್ಲಿ ಇಟ್ಟಿದ್ದಾರೆ. ಈ ಭಂಡಾರವನ್ನು ಲೈಬ್ರರಿ ಎನ್ನುವರು. ಪ್ರಿಂಟ್‌ಎಫ್‌ನ ಹೆಸರೇನು, ಅದಕ್ಕೆ ಯಾವ ಬಗೆಯ ವಸ್ತುಗಳನ್ನು ಕೊಡಬೇಕು, ಅದು ಮರಳಿ ಕೊಡುವ ವಸ್ತು ಯಾವ ಬಗೆಯದು ಎಂಬ ಪರಿಚಯ ಮಾತ್ರ ‘ಎಸ್‌ಟಿಡಿಐಓ.ಎಚ್’ ಎಂಬ ಕಡತದಲ್ಲಿರುತ್ತದೆ. ಪ್ರೋಗ್ರಾಮಿನ ತಲೆಯ ಭಾಗದಲ್ಲಿ ಕರೆಸಿಕೊಳ್ಳುವುದರಿಂದ ಇಂಥ ಕಡತಕ್ಕೆ ಹೆಡರ್ ಎಂಬ ಹೆಸರು ಬಂದಿತು.

ಅದನ್ನು ಕರೆಸುವ ಸಾಲು ಹೀಗಿರುತ್ತದೆ:

#ಇನ್‌ಕ್ಲೂಡ್ <ಎಸ್‌ಟಿಡಿಐಓ.ಎಚ್>

ಇದರಲ್ಲಿ ಮಾಯೆಯೇನೂ ಇಲ್ಲ. ಪ್ರೋಗ್ರಾಮು ಯಂತ್ರಭಾಷೆಗೆ ತಿರುಗುವ ಮುನ್ನ ಪ್ರಿಪ್ರೊಸೆಸರ್ ಎಂಬ ಪೂರ್ವಸಿದ್ಧತೆಯ ಘಟಕವು ಈ ಸಾಲನ್ನು ಕಂಡೊಡನೆ ಹೆಸರಿಸಿದ ಕಡತವನ್ನು ಹುಡುಕಿ, ಅದರಲ್ಲಿರುವುದೆಲ್ಲವನ್ನೂ ಈ ಸಾಲಿನ ಸ್ಥಾನದಲ್ಲಿ ಇದ್ದಂತೆಯೇ ಅಂಟಿಸುತ್ತದೆ. ಜಿಸಿಸಿ ಎಂಬ ಪ್ರಸಿದ್ಧ ಕಂಪೈಲರಿಗೆ ‘-ಇ’ ಎಂಬ ಸೂಚನೆಯನ್ನು ದೊಡ್ಡಕ್ಷರದಲ್ಲಿ ಕೊಟ್ಟರೆ ಅಂಟಿಸಿದ ನಂತರದ ರೂಪವನ್ನು ಕಣ್ಣಾರೆ ಕಾಣಬಹುದು. ನಾವು ಬರೆದ ಐದಾರು ಸಾಲುಗಳು ನೂರಾರು ಸಾಲುಗಳ ಕೊನೆಯಲ್ಲಿ ಮುದುಡಿ ಕುಳಿತಿರುತ್ತವೆ! ಪ್ರತಿಯೊಬ್ಬ ವಿದ್ಯಾರ್ಥಿಯೂ ಒಮ್ಮೆಯಾದರೂ ಇದನ್ನು ಮಾಡಿ ನೋಡತಕ್ಕದ್ದು.

ಸ್ವಲ್ಪ ಪೂರ್ವೇತಿಹಾಸ

ಕಂಪೈಲರ್ ಎಂಬ ಪದಕ್ಕೆ ಕನ್ನಡದಲ್ಲಿ ಸಂಕಲಕವೆನ್ನುತ್ತೇವೆ. ಇದು ಬಹಳ ಹೊಂದುವ ಹೆಸರು. 1951-52ರಲ್ಲಿ ಗ್ರೇಸ್ ಹಾಪರ್ ಎಂಬ ಗಣಿತಜ್ಞೆಯು ಯೂನಿವ್ಯಾಕ್ ಯಂತ್ರಕ್ಕಾಗಿ ಅಂಥ ಮೊದಲ ಸಾಧನಗಳಲ್ಲೊಂದನ್ನು ರಚಿಸಿದಾಗ ಅದರ ಮುಖ್ಯ ಕೆಲಸ ಭಂಡಾರದಲ್ಲಿದ್ದ ಉಪಕ್ರಮಗಳನ್ನು ಆಯ್ದು ಒಂದೆಡೆ ಸೇರಿಸುವುದೇ ಆಗಿತ್ತು. ಅಂದರೆ ಅಕ್ಷರಶಃ ಸಂಕಲನ.

‘ಸಿ’ ಭಾಷೆಯನ್ನು ಡೆನ್ನಿಸ್ ರಿಚಿ ಅವರು ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ರೂಪಿಸಿದರು. ಹೆಡರ್ ಕಡತವನ್ನು ಸೇರಿಸುವ ಸೌಕರ್ಯವು 1972-73ರ ಸುಮಾರಿನಲ್ಲಿ ಬಂದಿತು. ಬಿಸಿಪಿಎಲ್ ಮತ್ತು ಪಿಎಲ್/1 ಭಾಷೆಗಳಲ್ಲಿ ಇಂಥ ಅನುಕೂಲವಿದ್ದುದನ್ನು ಕಂಡು, ಅಲನ್ ಸ್ನೈಡರ್ ಎಂಬವರ ಒತ್ತಾಯವೂ ಸೇರಿ, ರಿಚಿಯವರು ಇದನ್ನು ಅಳವಡಿಸಿದರು. ಅದೇ ಪ್ರಯೋಗಶಾಲೆಯ ಮೈಕ್ ಲೆಸ್ಕ್ ಅವರು ಬರೆದ ಓದು-ಬರಹದ ಫಂಕ್ಷನ್‌ಗಳ ಸಮೂಹವೇ ಮುಂದೆ ಪರಿಷ್ಕಾರಗೊಂಡು ಇಂದಿನ ಎಸ್‌ಟಿಡಿಐಓ ಆಯಿತು.

ಇಲ್ಲಿ ಒಂದು ಕೌತುಕದ ಸಂಗತಿಯುಂಟು. ಕರ್ನಿಗನ್ ಮತ್ತು ರಿಚಿ ಅವರು 1978ರಲ್ಲಿ ಬರೆದ ಪ್ರಸಿದ್ಧ ಪುಸ್ತಕದ ಮೊದಲ ಮುದ್ರಣವನ್ನು ತೆರೆದರೆ, ಅದರ ಮೊಟ್ಟಮೊದಲ ಪ್ರೋಗ್ರಾಮಿನಲ್ಲಿ ಇನ್‌ಕ್ಲೂಡ್ ಸಾಲೇ ಇಲ್ಲ. 1988ರ ಎರಡನೆಯ ಆವೃತ್ತಿಯಲ್ಲಿ ಆ ಸಾಲು ಬಂದು ಕುಳಿತಿದೆ. ಹತ್ತು ವರ್ಷಗಳಲ್ಲಿ ಪರಿಚಯಪತ್ರವಿಲ್ಲದೆ ನಡೆಯುತ್ತಿದ್ದ ವ್ಯವಹಾರವು ಪರಿಚಯಪತ್ರವನ್ನು ಕೇಳುವ ವ್ಯವಹಾರವಾಯಿತು. 1989ರ ಅಮೆರಿಕದ ಪ್ರಮಾಣದಲ್ಲಿ 15 ಹೆಡರುಗಳಿದ್ದವು. 2024ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಪ್ರಮಾಣದಲ್ಲಿ 31 ಇವೆ.

ಪತ್ರ ಸಿಗದಿದ್ದರೆ

‘ಅಂಥ ಕಡತವಿಲ್ಲ’ ಎಂಬ ದೋಷಕ್ಕೆ ಈಗ ಬರೋಣ. ಪ್ರಿಪ್ರೊಸೆಸರ್ ಯಂತ್ರದ ಎಲ್ಲ ಮೂಲೆಗಳನ್ನೂ ಜಾಲಾಡುವುದಿಲ್ಲ. ಗೊತ್ತಾದ ಕೆಲವೇ ಕೋಶಗಳಲ್ಲಿ, ಗೊತ್ತಾದ ಕ್ರಮದಲ್ಲಿ ಹುಡುಕುತ್ತದೆ. ಹೆಸರನ್ನು ಕೋನಾಕಾರದ ಆವರಣದಲ್ಲಿ ಬರೆದಿದ್ದರೆ ವ್ಯವಸ್ಥೆಗೆ ಸೇರಿದ ಕೋಶಗಳಲ್ಲಿ ಮಾತ್ರ ನೋಡುವುದು. ಉದ್ಧರಣ ಚಿಹ್ನೆಗಳ ನಡುವೆ ಬರೆದಿದ್ದರೆ ಜಿಸಿಸಿ ಮುಂತಾದವು ಮೊದಲು ನಮ್ಮ ಕಡತವಿರುವ ಕೋಶದಲ್ಲಿ ನೋಡಿ, ಅಲ್ಲಿ ಸಿಗದಿದ್ದರೆ ವ್ಯವಸ್ಥೆಯ ಕೋಶಗಳಿಗೆ ಹೋಗುವುವು. ಆದುದರಿಂದ ಭಾಷೆಯೊಡನೆ ಬಂದ ಹೆಡರುಗಳಿಗೆ ಕೋನಾವರಣ, ನಾವೇ ಬರೆದುಕೊಂಡ ಹೆಡರುಗಳಿಗೆ ಉದ್ಧರಣ ಚಿಹ್ನೆ ಎಂಬ ರೂಢಿ ಬೆಳೆದಿದೆ. ಸ್ವಂತ ಹೆಡರನ್ನು ಕೋನಾವರಣದಲ್ಲಿ ಬರೆದು ಪಕ್ಕದಲ್ಲಿಯೇ ಇರುವ ಕಡತವು ಸಿಗುತ್ತಿಲ್ಲವೆಂದು ಪರದಾಡುವವರು ಹಲವರು.

ಹುಡುಕುವ ಸ್ಥಳ ಸರಿಯಿದ್ದರೂ ಹೆಸರು ತಪ್ಪಿದರೆ ಫಲವಿಲ್ಲ. ‘ಎಸ್‌ಟಿಡಿಐಓ’ ಎಂಬುದನ್ನು ನಾಲಿಗೆಯು ‘ಸ್ಟುಡಿಯೋ’ ಎಂದು ಉಚ್ಚರಿಸುವುದರಿಂದ ಕೈಯೂ ಹಾಗೆಯೇ ಬರೆದುಬಿಡುವುದು ತರಗತಿಗಳಲ್ಲಿ ನಿತ್ಯದ ದೃಶ್ಯ. ಅದು ‘ಸ್ಟ್ಯಾಂಡರ್ಡ್ ಇನ್‌ಪುಟ್ ಔಟ್‌ಪುಟ್’ ಎಂಬುದರ ಸಂಕ್ಷೇಪವೆಂದು ನೆನಪಿಟ್ಟರೆ ಈ ತಪ್ಪು ಮರುಕಳಿಸದು. ಕೋನಾವರಣದೊಳಗೆ ಅಂದಕ್ಕಾಗಿ ತೆರವು ಬಿಟ್ಟರೆ ಆ ತೆರವೂ ಹೆಸರಿನ ಭಾಗವೆಂದು ಜಿಸಿಸಿ ಎಣಿಸುತ್ತದೆ. ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ದೊಡ್ಡಕ್ಷರ ಸಣ್ಣಕ್ಷರಗಳ ಭೇದ ನಡೆಯದಾದುದರಿಂದ ಹೆಸರನ್ನು ಹೇಗೆ ಬರೆದರೂ ಸಾಗುವುದು. ಅದೇ ಪ್ರೋಗ್ರಾಮನ್ನು ಲಿನಕ್ಸ್‌ಗೆ ಒಯ್ದರೆ ಕಡತವಿಲ್ಲವೆಂಬ ಉತ್ತರ ಬರುವುದು. ವಿಂಡೋಸ್‌ನ ನೋಟ್‌ಪ್ಯಾಡಿನಲ್ಲಿ ಬರೆದ ಹೆಡರಿಗೆ ‘.ಎಚ್’ ಆದ ಮೇಲೆ ‘.ಟಿಎಕ್ಸ್‌ಟಿ’ ಎಂಬ ಬಾಲವು ಕಣ್ಣಿಗೆ ಕಾಣದಂತೆ ಸೇರಿಕೊಂಡಿರುವುದೂ ಉಂಟು.

ಕೆಲವೊಮ್ಮೆ ಹೆಸರೂ ಸರಿ, ಆವರಣವೂ ಸರಿ, ಆದರೆ ಕಡತವೇ ಯಂತ್ರದಲ್ಲಿರುವುದಿಲ್ಲ. ಉಬುಂಟು ಮುಂತಾದ ವ್ಯವಸ್ಥೆಗಳಲ್ಲಿ ಪ್ರೋಗ್ರಾಮುಗಳನ್ನು ನಡೆಸಲು ಬೇಕಾದ ಲೈಬ್ರರಿ ಒಂದು ಪೊಟ್ಟಣದಲ್ಲಿದ್ದರೆ, ಹೊಸದಾಗಿ ಪ್ರೋಗ್ರಾಮು ಕಟ್ಟಲು ಬೇಕಾದ ಹೆಡರುಗಳು ‘-ಡೆವ್’ ಎಂದು ಕೊನೆಗೊಳ್ಳುವ ಇನ್ನೊಂದು ಪೊಟ್ಟಣದಲ್ಲಿರುತ್ತವೆ. ಅಲ್ಲಿ ‘ಬಿಲ್ಡ್-ಎಸೆನ್ಷಿಯಲ್’ ಎಂಬ ಪೊಟ್ಟಣವನ್ನು ಸ್ಥಾಪಿಸಿದರೆ ಕಂಪೈಲರೂ ಅಗತ್ಯವಾದ ಹೆಡರುಗಳೂ ಒಟ್ಟಿಗೆ ಬರುವುವು. ಹೆಡರು ಬೇರೊಂದು ಕೋಶದಲ್ಲಿದ್ದರೆ ‘-ಐ’ ಎಂಬ ಸೂಚನೆಯನ್ನು ದೊಡ್ಡಕ್ಷರದಲ್ಲಿ ಬರೆದು, ಅದಕ್ಕೆ ಕೋಶದ ಹೆಸರನ್ನು ಜೋಡಿಸಿ, ಅಲ್ಲಿಯೂ ಹುಡುಕೆಂದು ಹೇಳಬಹುದು. ಸಣ್ಣಕ್ಷರದ ‘-ವಿ’ ಎಂಬ ಸೂಚನೆಯನ್ನಿತ್ತು ಕಂಪೈಲ್ ಮಾಡಿದರೆ ಹುಡುಕಿದ ಕೋಶಗಳ ಪಟ್ಟಿಯನ್ನು ಯಂತ್ರವೇ ಬರೆದು ತೋರಿಸುವುದು. ಊಹೆಯಿಂದ ತಡಕಾಡುವುದಕ್ಕಿಂತ ಆ ಪಟ್ಟಿಯನ್ನು ಓದುವುದು ಲೇಸು.

ಹಳೆಯ ಮನೆಯ ಪತ್ರ

ನಮ್ಮ ದೇಶದ ಕಾಲೇಜುಗಳಲ್ಲಿ ಓದಿದವರಿಗೆ ‘ಕೊನಿಯೋ.ಎಚ್’ ಎಂಬ ಹೆಸರು ಚಿರಪರಿಚಿತ. ಬೋರ್ಲ್ಯಾಂಡ್ ಸಂಸ್ಥೆಯು 1987ರಲ್ಲಿ ಹೊರತಂದ ಟರ್ಬೊ ಸಿ ಎಂಬ ಕಂಪೈಲರು ಡಾಸ್ ವ್ಯವಸ್ಥೆಗಾಗಿ ರಚಿತವಾದುದು. ಆ ವ್ಯವಸ್ಥೆ ಬಳಕೆ ತಪ್ಪಿದ ಎಷ್ಟೋ ವರ್ಷಗಳವರೆಗೆ ನಮ್ಮಲ್ಲಿ ಅನೇಕ ಕಡೆ ಅದರಲ್ಲಿಯೇ ಪಾಠ ನಡೆಯಿತು. ತೆರೆಯನ್ನು ಒರೆಸಲು ‘ಕ್ಲಿಯರ್ ಸ್ಕ್ರೀನ್’, ಒಂದು ಕೀಲಿ ಒತ್ತುವವರೆಗೆ ಕಾಯಲು ‘ಗೆಟ್‌ಸಿಎಚ್’ ಎಂಬ ಫಂಕ್ಷನ್‌ಗಳನ್ನು ಪ್ರತಿ ಪ್ರೋಗ್ರಾಮಿನಲ್ಲಿಯೂ ಬರೆಯಲು ವಿದ್ಯಾರ್ಥಿಗಳು ಕಲಿತರು. ಅವುಗಳ ಪರಿಚಯಪತ್ರವೇ ಕೊನಿಯೋ.

ಈ ಹೆಡರು ‘ಸಿ’ ಭಾಷೆಯ ಪ್ರಮಾಣಕ್ಕೆ ಎಂದೂ ಸೇರಿದುದಲ್ಲ. ಲಿನಕ್ಸ್‌ನಲ್ಲಿ ಜಿಸಿಸಿಯೊಡನೆ ಅದು ಬರುವುದಿಲ್ಲ. ಹಳೆಯ ಟಿಪ್ಪಣಿಪುಸ್ತಕದಿಂದ ಪ್ರೋಗ್ರಾಮನ್ನು ನಕಲು ಮಾಡಿದ ವಿದ್ಯಾರ್ಥಿಯು ಇಲ್ಲಿ ಮುಗ್ಗರಿಸಿದರೆ ತಪ್ಪು ಅವನದಲ್ಲ. ಹಳೆಯ ಮನೆಯ ವಿಳಾಸಕ್ಕೆ ಬರೆದ ಪತ್ರವನ್ನು ಹೊಸ ಮನೆಯಲ್ಲಿ ತೋರಿಸಿದಂತಾಗಿದೆ. ಪರಿಹಾರ ಸುಲಭ. ಕೊನಿಯೋ ಸಾಲನ್ನೂ ತೆರೆ ಒರೆಸುವ ಸಾಲನ್ನೂ ತೆಗೆದುಹಾಕಬೇಕು. ಕಾಯುವುದು ಬೇಕೆಂದಿದ್ದರೆ ಎಸ್‌ಟಿಡಿಐಓನಲ್ಲಿರುವ ‘ಗೆಟ್‌ಚಾರ್’ ಎಂಬುದನ್ನು ಬಳಸಬೇಕು. ಇದಕ್ಕೆ ಕೊನೆಯಲ್ಲಿ ಎಂಟರ್ ಕೀಲಿಯನ್ನು ಒತ್ತಬೇಕಾಗುವುದೆಂಬುದಷ್ಟೇ ವ್ಯತ್ಯಾಸ.

ಪತ್ರ ಬಂದರೂ ಆಳು ಬರದಿದ್ದರೆ

ಲಂಬಕೋನ ತ್ರಿಭುಜದ ಕರ್ಣವನ್ನು ಕಂಡುಹಿಡಿಯಲು ವರ್ಗಮೂಲದ ಫಂಕ್ಷನ್ ಬೇಕೆಂದುಕೊಳ್ಳೋಣ. ಅದಕ್ಕಾಗಿ ‘ಮ್ಯಾತ್.ಎಚ್’ ಎಂಬ ಹೆಡರನ್ನು ಸರಿಯಾಗಿಯೇ ಸೇರಿಸಿದ್ದೇವೆ. ಆದರೂ ಲಿನಕ್ಸ್ ಯಂತ್ರವು ‘ವರ್ಗಮೂಲಕ್ಕೆ ನೆಲೆ ಸಿಗದು’ ಎಂಬರ್ಥದ ದೋಷವನ್ನು ಸಾರಬಹುದು. ಹೆಡರಿನಲ್ಲಿ ಏನೋ ಕೊರತೆಯಿದೆಯೆಂದು ಹಲವರು ಅದನ್ನೇ ತಿದ್ದತೊಡಗುವರು. ಇದು ಹೆಡರಿನ ದೋಷವೇ ಅಲ್ಲ.

ಕಂಪೈಲರು ತನ್ನ ಪಾಲಿನ ಕೆಲಸವನ್ನು ಮುಗಿಸಿದ ಮೇಲೆ ಲಿಂಕರ್ ಎಂಬ ಜೋಡಣೆಯ ಘಟಕವು ನಮ್ಮ ಪ್ರೋಗ್ರಾಮನ್ನು ಭಂಡಾರದಲ್ಲಿರುವ ಫಂಕ್ಷನ್‌ಗಳೊಡನೆ ಕೂಡಿಸುತ್ತದೆ. ಗಣಿತದ ಭಂಡಾರವು ಲಿನಕ್ಸ್‌ನಲ್ಲಿ ಬಹುಕಾಲದಿಂದ ಪ್ರತ್ಯೇಕವಾಗಿದೆ. ಆದುದರಿಂದ ಆಜ್ಞೆಯ ಕೊನೆಯಲ್ಲಿ, ನಮ್ಮ ಕಡತಗಳ ಹೆಸರುಗಳಾದ ಮೇಲೆ, ಸಣ್ಣಕ್ಷರಗಳಲ್ಲಿ ‘-ಎಲ್‌ಎಂ’ ಎಂದು ಸೇರಿಸಬೇಕು. ಪತ್ರವನ್ನು ಕೇಳುವವನು ಕಂಪೈಲರ್, ಆಳನ್ನು ಕೇಳುವವನು ಲಿಂಕರ್. ‘ಕಡತವಿಲ್ಲ’ ಎಂಬ ದೂರು ಮೊದಲನೆಯದು, ‘ನೆಲೆ ಸಿಗದು’ ಎಂಬ ದೂರು ಎರಡನೆಯದು. ದೂರು ಕೊಟ್ಟವರು ಯಾರೆಂಬುದನ್ನು ಗುರುತಿಸಿದರೆ ಅರ್ಧ ಶ್ರಮ ಕಡಿಮೆಯಾಯಿತೆಂದೇ ತಿಳಿಯಬೇಕು.

ಮಾತಾಡದ ದೋಷ

ಮೊದಲು ಸೂಚಿಸಿದ ಮೌನದ ದೋಷವನ್ನು ಈಗ ಪರಿಶೀಲಿಸೋಣ. ಹಿಂದಿನ ‘ಸಿ’ ಭಾಷೆಯಲ್ಲಿ ಪರಿಚಯಪತ್ರವಿಲ್ಲದ ಫಂಕ್ಷನ್ ಎದುರಾದರೆ ಕಂಪೈಲರು ದೂರುತ್ತಿರಲಿಲ್ಲ. ಅದು ಪೂರ್ಣಾಂಕವನ್ನು ಮರಳಿಸುವುದೆಂದು ತಾನೇ ಊಹಿಸಿಕೊಂಡು ಮುಂದುವರಿಯುತ್ತಿತ್ತು. 1978ರ ಪುಸ್ತಕದ ಮೊದಲ ಪ್ರೋಗ್ರಾಮು ಹೆಡರಿಲ್ಲದೆಯೂ ನಡೆದುದು ಇದರಿಂದಲೇ. ಪ್ರಿಂಟ್‌ಎಫ್ ಮರಳಿಸುವುದು ಪೂರ್ಣಾಂಕವನ್ನೇ ಆದುದರಿಂದ ಆ ಊಹೆಯಿಂದ ಅಲ್ಲಿ ಕೇಡಾಗಲಿಲ್ಲ.

ಊಹೆ ತಪ್ಪಿದರೆ? ವಿದ್ಯಾರ್ಥಿಗಳ ಅಂಕಗಳ ಸರಾಸರಿಯನ್ನು ದಶಾಂಶದಲ್ಲಿ ಕೊಡುವ ಫಂಕ್ಷನ್ ಒಂದು ಕಡತದಲ್ಲಿದೆ, ಅದನ್ನು ಬಳಸುವ ಮುಖ್ಯ ಪ್ರೋಗ್ರಾಮು ಇನ್ನೊಂದರಲ್ಲಿದೆ ಎನ್ನೋಣ. ಕಂಪೈಲರು ಪ್ರತಿಯೊಂದು ಕಡತವನ್ನೂ ಪ್ರತ್ಯೇಕವಾಗಿ ಓದುತ್ತದೆ. ಒಂದನ್ನು ಓದುವಾಗ ಇನ್ನೊಂದರ ಅರಿವು ಅದಕ್ಕಿಲ್ಲ. ಹೆಡರನ್ನು ಸೇರಿಸದಿದ್ದರೆ ಮುಖ್ಯ ಪ್ರೋಗ್ರಾಮು ಉತ್ತರವನ್ನು ಪೂರ್ಣಾಂಕವೆಂದು ಎಣಿಸುವುದು. ಇಂದಿನ ಸಾಮಾನ್ಯ ಗಣಕಗಳಲ್ಲಿ ದಶಾಂಶದ ಉತ್ತರವನ್ನು ಇಡುವ ಸ್ಥಳ ಒಂದು, ಪೂರ್ಣಾಂಕದ ಉತ್ತರವನ್ನು ಇಡುವ ಸ್ಥಳ ಇನ್ನೊಂದು. ಸರಾಸರಿಯನ್ನು ಒಂದೆಡೆ ಇಟ್ಟಿದ್ದರೆ ಮುಖ್ಯ ಪ್ರೋಗ್ರಾಮು ಬೇರೆಡೆಯಿಂದ ಅಲ್ಲಿದ್ದ ಯಾವುದೋ ಸಂಖ್ಯೆಯನ್ನು ಎತ್ತಿಕೊಂಡು ಹೋಗುವುದು. ಫಂಕ್ಷನ್ ಮರಳಿಸುವುದು 64 ಬಿಟ್‌ಗಳ ಸ್ಮೃತಿವಿಳಾಸವಾಗಿದ್ದರೆ ಅದರ ಮೇಲರ್ಧ ಕತ್ತರಿಸಿಹೋಗಿ 32 ಬಿಟ್‌ಗಳಷ್ಟೇ ಉಳಿಯುವುವು. ಅರ್ಧ ವಿಳಾಸವನ್ನು ಹಿಡಿದು ಹೊರಟ ಪ್ರೋಗ್ರಾಮು ಒಂದು ದಿನ ನಡೆದು ಇನ್ನೊಂದು ದಿನ ಕುಸಿಯಬಹುದು. ಇದು ಅಂಕಪಟ್ಟಿಯಾಗದೆ ಔಷಧದ ಪ್ರಮಾಣವನ್ನೋ ಸೇತುವೆಯ ಭಾರವನ್ನೋ ಎಣಿಸುವ ಪ್ರೋಗ್ರಾಮಾಗಿದ್ದರೆ ಪರಿಣಾಮವೇನಾದೀತು!

ಈ ಅಪಾಯವನ್ನು ಕಂಡೇ 1999ರ ಪ್ರಮಾಣದಲ್ಲಿ ಊಹೆಯ ನಿಯಮವನ್ನು ಕಿತ್ತುಹಾಕಿದರು. ಆದರೆ ಹಳೆಯ ಪ್ರೋಗ್ರಾಮುಗಳು ಹೇರಳವಾಗಿದ್ದುದರಿಂದ ಜಿಸಿಸಿಯು ಬಹುಕಾಲ ಎಚ್ಚರಿಕೆಯನ್ನಷ್ಟೇ ಕೊಟ್ಟು ಮುಂದುವರಿಯುತ್ತಿತ್ತು. 2024ರಲ್ಲಿ ಹೊರಬಂದ ಅದರ 14ನೆಯ ಆವೃತ್ತಿಯು ಇದನ್ನು ದೋಷವೆಂದೇ ಎಣಿಸಿ ನಿಲ್ಲುತ್ತದೆ. ನಿನ್ನೆಯವರೆಗೆ ನಡೆಯುತ್ತಿದ್ದ ಪ್ರೋಗ್ರಾಮು ಹೊಸ ಕಂಪೈಲರಿನಲ್ಲಿ ನಿಂತುಹೋಯಿತೆಂದು ಕೆಲವರು ಬೇಸರಿಸುವರು. ವಿಶೇಷ ಸೂಚನೆಯಿತ್ತು ದೋಷವನ್ನು ಮತ್ತೆ ಎಚ್ಚರಿಕೆಯಾಗಿ ಇಳಿಸುವ ಉಪಾಯವೂ ಇದೆ. ನಾವು ಅದನ್ನು ಒಪ್ಪೆವು. ಬೇಕಾದ ಹೆಡರನ್ನು ಸೇರಿಸುವುದೇ ಯೋಗ್ಯವಾದ ಮಾರ್ಗ.

ಇನ್ನೊಂದು ಸದಭ್ಯಾಸವುಂಟು. ಸರಾಸರಿಯ ಫಂಕ್ಷನ್ ಇರುವ ಕಡತವೂ ತನ್ನದೇ ಹೆಡರನ್ನು ಸೇರಿಸಿಕೊಳ್ಳಬೇಕು. ಆಗ ಪತ್ರದಲ್ಲಿ ಒಂದು, ವಾಸ್ತವದಲ್ಲಿ ಇನ್ನೊಂದು ಇದ್ದರೆ ಎರಡನ್ನೂ ಒಟ್ಟಿಗೆ ಕಂಡ ಕಂಪೈಲರು ವಿರೋಧವನ್ನು ಕೂಡಲೆ ಎತ್ತಿ ತೋರಿಸುವುದು.

ಒಂದೇ ಪತ್ರ ಎರಡು ಸಲ

ಪತ್ರವಿಲ್ಲದಿರುವುದು ಕಷ್ಟವಾದಂತೆ ಎರಡು ಸಲ ಬರುವುದೂ ಕಷ್ಟ. ‘ವಿದ್ಯಾರ್ಥಿ’ ಎಂಬ ರಚನೆಯ ವಿವರ ಒಂದು ಹೆಡರಿನಲ್ಲಿದೆ. ‘ತರಗತಿ’ ಎಂಬ ಇನ್ನೊಂದು ಹೆಡರು ಅದನ್ನು ಸೇರಿಸಿಕೊಂಡಿದೆ. ಮುಖ್ಯ ಪ್ರೋಗ್ರಾಮು ಎರಡನ್ನೂ ಕರೆಸಿದೆ. ವಿದ್ಯಾರ್ಥಿಯ ವಿವರ ಎರಡು ಸಲ ಅಂಟಿಕೊಂಡಿತು. ಪುನರುಕ್ತಿಯ ದೋಷವೆಂದು ಕಂಪೈಲರು ತಡೆಯುವುದು. ಅಚ್ಚಳಿಯದೆ ಒಂದೇ ಆಗಿರುವ ವಿವರಗಳನ್ನು 2024ರ ಪ್ರಮಾಣವು ಸಹಿಸುವುದಾದರೂ ಹಿಂದಿನವು ಸಹಿಸುವುದಿಲ್ಲ.

ಇದಕ್ಕೆ ಕಾವಲು ಇಡುವುದು ರೂಢಿ. ಹೆಡರಿನ ಮೊದಲಲ್ಲಿ ‘ಇಫ್‌ಎನ್‌ಡೆಫ್’ ಎಂಬ ಸಾಲಿನಿಂದ ಒಂದು ಗುರುತು ಈಗಾಗಲೇ ಇದೆಯೇ ಎಂದು ಕೇಳಬೇಕು. ಇಲ್ಲದಿದ್ದರೆ ‘ಡಿಫೈನ್’ ಎಂಬುದರಿಂದ ಆ ಗುರುತನ್ನು ನೆಟ್ಟು ವಿಷಯವನ್ನು ಬರೆಯಬೇಕು. ಕೊನೆಯಲ್ಲಿ ‘ಎಂಡಿಫ್’ ಎಂದು ಮುಗಿಸಬೇಕು. ಎರಡನೆಯ ಸಲ ಬಂದಾಗ ಗುರುತು ಇರುವುದರಿಂದ ಒಳಗಿನ ವಿಷಯವೆಲ್ಲವನ್ನೂ ಪ್ರಿಪ್ರೊಸೆಸರ್ ಬಿಟ್ಟುಬಿಡುವುದು.

ಈ ಕಾವಲು ಒಂದು ಕಡತದ ಸಂಕಲನಕ್ಕೆ ಮಾತ್ರ ಸಲ್ಲುವುದೆಂಬುದನ್ನು ಮರೆಯಬಾರದು. ಮೌಲ್ಯವನ್ನು ಹೊತ್ತ ಚರಾಂಕವನ್ನೇ ಹೆಡರಿನಲ್ಲಿ ಸೃಷ್ಟಿಸಿದರೆ ಅದನ್ನು ಸೇರಿಸಿದ ಪ್ರತಿ ಕಡತದಲ್ಲಿಯೂ ಅದು ಬೇರೆ ಬೇರೆಯಾಗಿ ಹುಟ್ಟುವುದು. ಒಂದೇ ಹೆಸರಿನ ಹಲವು ಆಳುಗಳನ್ನು ಕಂಡು ಲಿಂಕರು ದೂರುವುದು. ಹೆಡರಿನಲ್ಲಿ ಪರಿಚಯವಿರಲಿ, ಸೃಷ್ಟಿಯು ಒಂದೇ ಒಂದು ಕಡತದಲ್ಲಿರಲಿ ಎಂಬುದೇ ಇಲ್ಲಿಯ ಸೂತ್ರ.

ದೋಷ ಒಂದೆಡೆ, ಬೆರಳು ಇನ್ನೊಂದೆಡೆ

ಕೊನೆಯದಾಗಿ ಒಂದು ಸೋಜಿಗ. ಹೆಡರಿನ ಕೊನೆಯಲ್ಲಿ ರಚನೆಯ ವಿವರಣೆಯಾದ ಮೇಲೆ ಅರ್ಧವಿರಾಮವನ್ನು ಮರೆತರೆ ಕಂಪೈಲರು ಹೆಡರನ್ನು ಬಿಟ್ಟು, ಅದರ ಮುಂದೆ ಬರುವ ನಮ್ಮ ಪ್ರೋಗ್ರಾಮಿನ ನಿರ್ದೋಷವಾದ ಸಾಲನ್ನು ತೋರಿಸಬಹುದು. ಅಂಟಿಸಿದ ಬಳಿಕ ಎರಡೂ ಒಂದೇ ಬರಹವೆಂಬುದನ್ನು ನೆನೆದರೆ ಕಾರಣ ಹೊಳೆಯುವುದು. ಇನ್‌ಕ್ಲೂಡ್ ಸಾಲುಗಳ ಕೆಳಗಿನ ಮೊದಲ ಸಾಲಿನಲ್ಲಿಯೇ ಅರ್ಥವಾಗದ ದೋಷ ಕಂಡರೆ, ಕೊನೆಯಲ್ಲಿ ಸೇರಿಸಿದ ಸ್ವಂತ ಹೆಡರಿನ ಅಂತ್ಯವನ್ನು ಪರೀಕ್ಷಿಸಬೇಕು.

ಹೀಗೆ ಹೆಡರಿನ ದೋಷಗಳು ಹಲವಾದರೂ ಅವನ್ನು ಎದುರಿಸುವ ಕ್ರಮ ಒಂದೇ. ತೆರೆಯ ತುಂಬ ದೋಷಗಳು ಬಂದಾಗ ಮೊದಲನೆಯದನ್ನು ಮಾತ್ರ ಓದಬೇಕು. ಉಳಿದವು ಬಹುಮಟ್ಟಿಗೆ ಅದರ ಮರಿಗಳೇ. ಅದರಲ್ಲಿ ಕಡತದ ಹೆಸರೂ ಸಾಲಿನ ಸಂಖ್ಯೆಯೂ ಇರುತ್ತವೆ. ಪತ್ರ ಸಿಗಲಿಲ್ಲವೋ, ಪತ್ರವೇ ಇಲ್ಲವೋ, ಎರಡು ಸಲ ಬಂದಿತೋ, ಆಳು ಬರಲಿಲ್ಲವೋ ಎಂದು ಕೇಳಿಕೊಳ್ಳಬೇಕು. ಒಂದನ್ನು ತಿದ್ದಿ ಮತ್ತೆ ಕಂಪೈಲ್ ಮಾಡಬೇಕು. ಎಚ್ಚರಿಕೆಗಳನ್ನು ಕೇಳಿ ಪಡೆಯಲು ಜಿಸಿಸಿಯಲ್ಲಿ ‘-ವಾಲ್’ ಎಂಬ ಸೂಚನೆಯಿದೆ. ಅದು ಮುಖ್ಯವಾದ ಹಲವು ಎಚ್ಚರಿಕೆಗಳನ್ನು ಎಬ್ಬಿಸುವುದು.

‘ಮಾರಕ ದೋಷ’ ಎಂಬ ಮಾತನ್ನು ಕಂಡು ಅಂಜಿದ ಆ ಮೊದಲ ದಿನದ ವಿದ್ಯಾರ್ಥಿಗೆ ನಾವು ಹೇಳುವುದಿಷ್ಟು. ನಿಂತುಹೋದ ಪ್ರೋಗ್ರಾಮು ಯಾರಿಗೂ ಕೇಡು ಮಾಡಲಾರದು. ಅರಿಯದೆ ಊಹಿಸಿ ಮುಂದುವರಿಯುವ ಯಂತ್ರಕ್ಕಿಂತ, ‘ನನಗೆ ತಿಳಿಯದು, ತಿಳಿಸಿಕೊಡು’ ಎಂದು ನಿಲ್ಲುವ ಯಂತ್ರವು ನಮಗೆ ಹೆಚ್ಚಿನ ಮಿತ್ರ.